ಬಾಗಿಲ ಕಡೆ ನೋಡಿ ಹಾಡುವವರು

ಆರ್ಲಾಂಡಾ

ಕೀಬೋರ್ಡ್ ನುಡಿಸುವವನಿಗೆ ಗಾಯಕಿಯ ಮುಖ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಐವತ್ತರ ಹತ್ತಿರದ ನನ್ನಂಥ ಮನುಷ್ಯ ನವೆಂಬರ್ ಚಳಿಯಲ್ಲಿ ಸ್ವೀಡನ್ನಿಗೆ ಯಾಕೆ ಹೋದ ಎಂಬುದು ನಿಮಗೆ ಅರ್ಥವಾಗುವುದಿಲ್ಲ. ಸ್ಟೇಜಿನ ಮುಂದೆ ಮೈಕು, ಮೈಕಿನ ಹಿಂದೆ ಅವರು, ಅವರ ಹಿಂದೆ ಎಡಮೂಲೆಯಲ್ಲಿ ನಾನು. ಮೆಜೆಸ್ಟಿಕ್ ಹತ್ತಿರದ ಒಂದು ಲೈವ್ ಬ್ಯಾಂಡ್ ರೆಸ್ಟೋರೆಂಟಿನಲ್ಲಿ ವರ್ಷಗಟ್ಟಲೆ ವಸಂತಾ ಅವರ ಜಡೆ, ರವಿಕೆಯ ಬೆನ್ನು, ತಾಳಕ್ಕೆ ಏಳುತ್ತಾ ಬೀಳುತ್ತಾ ಇದ್ದ ಎಡ ಹಿಮ್ಮಡಿ, ಇಷ್ಟನ್ನೇ ನೋಡಿಕೊಂಡು ನಾನು ಬದುಕಿದೆ. ಮುಖ ನೋಡಿಯೇ ಇಲ್ಲ ಎಂದಲ್ಲ. ಚಹಾ ಕುಡಿಯುವಾಗಿನ ಮುಖ, ಆಟೋದವನ ಜೊತೆ ಜಗಳವಾಡುವಾಗಿನ ಮುಖ ಎಲ್ಲವೂ ಗೊತ್ತು. ಹಾಡುವಾಗಿನ ಮುಖ ಮಾತ್ರ ಗಿರಾಕಿಗಳ ಪಾಲಾಗಿತ್ತು.

ಆಮೇಲೆ ಲೈವ್ ಬ್ಯಾಂಡುಗಳ ಮೇಲೆ ಪೊಲೀಸರ ಕಣ್ಣು ಬಿತ್ತು. ನಮ್ಮ ಹಾಲೂ ಮುಚ್ಚಿತು. ಬೆಂಗಳೂರಿನ ಯಾವುದೋ ಕಾರ್ಖಾನೆಗೆ ಕೆಲಸದ ಮೇಲೆ ಬಂದಿದ್ದ ಲೆನ್ನಾರ್ಟ್ ಎಂಬ ಸ್ವೀಡನ್ನಿನ ಎಂಜಿನಿಯರ್ ದಿನಾ ಮೂಲೆಯ ಟೇಬಲ್ಲಿನಲ್ಲಿ ಕೂತು ಹಾಡುಗಳ ಅರ್ಥ ಕೇಳುತ್ತಿದ್ದ. ವಸಂತಾ ಅವನನ್ನು ಮದುವೆಯಾಗಿ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಊರಿಗೆ ಹೊರಟುಹೋದರು. ಅರ್ಥ ಕೇಳಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಶ್ರುತಿ ಕೇಳುತ್ತಿದ್ದೆ.

ಈಗ ನನ್ನದೇ ಒಂದು ಆರ್ಕೆಸ್ಟ್ರಾ ಇದೆ. ಮದುವೆ ಆರತಕ್ಷತೆಗಳಲ್ಲಿ ನುಡಿಸುತ್ತೇವೆ. ಗಾಯಕಿಯರು ಬರುತ್ತಾರೆ, ಹೋಗುತ್ತಾರೆ, ಯಾರ ಬೆನ್ನೂ ನನಗೆ ರೂಢಿಯಾಗಲಿಲ್ಲ. ಹೀಗಿರುವಾಗ ಪ್ರಶಾಂತನ ಫೋನ್ ಬಂತು. ಅವನ ಆರತಕ್ಷತೆಗೆ ನಾವೇ ನುಡಿಸಿದ್ದು. ಸಾಫ್ಟ್‌ವೇರಿನ ಹುಡುಗ, ಸ್ಟಾಕ್‌ಹೋಮಿನಲ್ಲಿದ್ದ. ಅಲ್ಲಿಯ ಕನ್ನಡಿಗರು ರಾಜ್ಯೋತ್ಸವ ಮಾಡುತ್ತಾರಂತೆ, ನಾನು ಬಂದು ನುಡಿಸಬೇಕಂತೆ.

"ಸ್ಯಾಂಡ್‌ವಿಕೆನ್ ಅಲ್ಲಿಂದ ದೂರಾನಾ?" ಎಂದೆ.

"ಟ್ರೈನಲ್ಲಿ ಆರಾಮಾಗಿ ಹೋಗ್ಬಹುದು ಸರ್. ಯಾಕೆ, ಸ್ಟೀಲ್ ಬಿಸಿನೆಸ್ಸಾ?"

"ಹೂಂ, ಹಾಗೇ ಅಂದ್ಕೋಪ್ಪ."

ಲೆನ್ನಾರ್ಟ್ ಮತ್ತು ವಸಂತಾ ಬೇರೆಯಾಗಿದ್ದಾರೆ ಎಂಬ ಸುದ್ದಿ ನಮ್ಮ ಹಳೆಯ ಡ್ರಮ್ಮರ್ ಮೂಲಕ ಆ ವರ್ಷವೇ ನನಗೆ ಬಂದಿತ್ತು. ವಾಪಸ್ ಬನ್ನಿ, ನನ್ನ ಆರ್ಕೆಸ್ಟ್ರಾದಲ್ಲಿ ಹಾಡಿ ಎಂದು ಕೇಳಬೇಕಿತ್ತು. ಅದರ ಹಿಂದೆ ಇನ್ನೊಂದು ಮಾತೂ ಇತ್ತು. ಅದನ್ನು ವಿಮಾನದಲ್ಲಿ ಎಷ್ಟು ಸಲ ಅಭ್ಯಾಸ ಮಾಡಿದರೂ ಗಂಟಲಿನಿಂದ ಮೇಲೆ ಬರಲಿಲ್ಲ.

ಆರ್ಲಾಂಡಾ ವಿಮಾನ ನಿಲ್ದಾಣದಲ್ಲಿ ಎಲ್ಲರ ಪೆಟ್ಟಿಗೆ ಬಂದವು, ನನ್ನ ಕೀಬೋರ್ಡ್ ಬರಲಿಲ್ಲ. ಬೆಲ್ಟು ಖಾಲಿ ತಿರುಗುತ್ತಲೇ ಇತ್ತು, ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ನನ್ನ ಪಕ್ಕ ಒಬ್ಬ ಮುದುಕಿ, ಅವರದೂ ಏನೋ ಬಂದಿರಲಿಲ್ಲ. ಇಬ್ಬರೇ ಇದ್ದೆವು, ಆದರೂ ಅವರು ಒಂದು ಮಾತೂ ಆಡಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಆಕೆಯ ಮಗಳ ಬಾಣಂತನದ ವಿವರ ನನಗೆ ತಿಳಿದಿರುತ್ತಿತ್ತು. ಕೊನೆಗೆ ಅವರು ದೂರದ ಒಂದು ಬಾಗಿಲನ್ನು ಬೆರಳಿನಿಂದ ತೋರಿಸಿದರು. ಉದ್ದದ ಸಾಮಾನುಗಳೆಲ್ಲ ಅಲ್ಲಿ ಬರುತ್ತವಂತೆ. ಹೋಗಿ ನೋಡಿದರೆ ಯಾರದೋ ಹಿಮದ ಮೇಲೆ ಜಾರುವ ಹಲಗೆಗಳ ನಡುವೆ ನನ್ನ ಕೀಬೋರ್ಡ್ ಮಲಗಿತ್ತು, ಅದರ ಪಕ್ಕ ಮುದುಕಿಯ ನಾಯಿ ಬೋನಿನಲ್ಲಿ ಕೂತಿತ್ತು. ಅವರಿಗೆ ಮೊದಲಿಂದಲೂ ಗೊತ್ತಿತ್ತು! ನನ್ನನ್ನು ಒಬ್ಬನನ್ನೇ ಬಿಟ್ಟು ಬರಲು ಮನಸ್ಸಾಗದೆ, ಮಾತಾಡಿಸಲೂ ಧೈರ್ಯವಾಗದೆ ಜೊತೆಗೆ ನಿಂತಿದ್ದರು. ಈ ದೇಶದ ಜನರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲೇ.

ರಾಜ್ಯೋತ್ಸವ

ಕಾರ್ಯಕ್ರಮ ಒಂದು ಶಾಲೆಯ ಹಾಲಿನಲ್ಲಿ. ಹೊರಗೆ ಬೂಟುಗಳ ರಾಶಿ, ಒಳಗೆ ರೇಷ್ಮೆ ಸೀರೆಗಳ ಕೆಳಗೆ ಉಣ್ಣೆಯ ಕಾಲುಚೀಲ. ಉಮೆಯೊ ಎಂಬ ಊರಿನಿಂದ ರಾತ್ರಿಯಿಡೀ ರೈಲಿನಲ್ಲಿ ಬಂದ ಪಿಎಚ್‌ಡಿ ಹುಡುಗ ಭುವನೇಶ್ವರಿಯ ಪಟಕ್ಕೆ ದೀಪ ಹಚ್ಚಲು ಹೋದ. ಹೊಗೆಗೆ ಅಲಾರಂ ಕೂಗುತ್ತದೆ ಎಂದು ಶಾಲೆಯವರು ಹೇಳಿದ್ದರಿಂದ ಬ್ಯಾಟರಿ ದೀಪದ ಗುಂಡಿ ಒತ್ತಿ ಕೈಮುಗಿದ.

ನಾನು ಗಮನಿಸಿದ್ದು ಒಂದು ವಿಷಯ. ಪರದೇಶದ ನಮ್ಮ ಜನ ಕಾರ್ಯಕ್ರಮ ಎಂದರೆ ಸಾಕು, ಮನೆಮಂದಿಯೆಲ್ಲ ಎದ್ದು ಬರುತ್ತಾರೆ. ಏನು ಕಾರ್ಯಕ್ರಮ, ಯಾರದು ಎಂದು ಕೇಳುವುದಿಲ್ಲ. ಕೈಗೂಸು, ಊರಿಂದ ಬಂದ ಅತ್ತೆ, ಡಬ್ಬಿಯಲ್ಲಿ ಚಿತ್ರಾನ್ನ, ಎಲ್ಲವೂ ಒಟ್ಟಿಗೆ ಹೊರಡುತ್ತವೆ. ನಾಲ್ಕು ಜನ ಕನ್ನಡ ಮಾತಾಡುವವರನ್ನು ನೋಡುವುದೇ ಅವರಿಗೆ ಕಾರ್ಯಕ್ರಮ. ಪ್ರಶಾಂತನ ಹೆಂಡತಿ ಸುಮಾ ಮಾಡಿದ ಚಿತ್ರಾನ್ನವನ್ನು ನಾನು ಮೂರು ಸಲ ಹಾಕಿಸಿಕೊಂಡೆ. ಅವಳ ಮಗಳನ್ನು "ಹೆಸರೇನಮ್ಮ?" ಎಂದು ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಬಂತು. "ದಾಗಿಸ್‌ಗೆ ಹಾಕಿದ್ಮೇಲೆ ಹೀಗಾಗಿದೆ ಸರ್. ನಾವು ಕನ್ನಡದಲ್ಲಿ ಬೈತೀವಿ, ಅವಳು ಸ್ವೀಡಿಷಲ್ಲಿ ಅಳ್ತಾಳೆ" ಎಂದಳು ಸುಮಾ. ದಾಗಿಸ್ ಎಂದರೆ ಇಲ್ಲಿಯ ಶಿಶುವಿಹಾರ.

ಸ್ಯಾಂಡ್‌ವಿಕೆನ್

ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಹತ್ತಿದವರೆಲ್ಲ ಅದನ್ನು ನೋಡಿ, ಮುಂದೆ ಹೋಗಿ, ಜಾಗವಿಲ್ಲದೆ ನಿಂತೇ ಪ್ರಯಾಣ ಮಾಡಿದರು. ಮೊದಲು ಬೇಸರವಾಯಿತು, ಆಮೇಲೆ ನೋಡಿದರೆ ಎಲ್ಲರ ಪಕ್ಕದ ಸೀಟೂ ಖಾಲಿ. ಒಬ್ಬರ ಪಕ್ಕ ಒಬ್ಬರು ಮೊದಲು ಹೋಗಿ ಕೂರುವುದು ಇಲ್ಲಿ ಬಹಳ ದೊಡ್ಡ ಸಾಹಸ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಡಿ.

ಡ್ರಮ್ಮರ್ ಕೊಟ್ಟ ನಂಬರಿಗೆ ಮೊದಲೇ ಫೋನ್ ಮಾಡಿದ್ದೆ, ವಸಂತಾ ಸ್ಟೇಷನ್ನಿಗೆ ಬಂದಿದ್ದರು. ಜಡೆ ಇರಲಿಲ್ಲ, ಕೂದಲು ಕುತ್ತಿಗೆಯವರೆಗೆ ಕತ್ತರಿಸಿತ್ತು. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಕೀಬೋರ್ಡ್ ಎತ್ತಲು ಅವರು ತಿರುಗಿ ಬಗ್ಗಿದರು ನೋಡಿ, ಆಗ ಸಿಕ್ಕಿತು.

"ಮಾಸ್ಟ್ರೇ, ಏನ್ ಇಷ್ಟು ಬೆಳ್ಳಗಾಗಿದೀರಾ!"

"ಕೂದಲಾ?"

"ಮುಖ. ಚಳಿಗೆ. ಬನ್ನಿ ಬನ್ನಿ, ಕಾರಲ್ಲಿ ಹೀಟರ್ ಹಾಕಿದೀನಿ."

ಕಾರು ಅವರೇ ಓಡಿಸಿದರು. ಹಗಲು ವೃದ್ಧಾಶ್ರಮವೊಂದರಲ್ಲಿ ಕೆಲಸ. ಲೆನ್ನಾರ್ಟ್ ಬೇರೆ ಮನೆಯಲ್ಲಿದ್ದಾನೆ, ಜಗಳವೇನಿಲ್ಲ. "ವರ್ಷಕ್ಕೆರಡು ಸಲ ಬಂದು ಟೈರ್ ಚೇಂಜ್ ಮಾಡಿಕೊಟ್ಟು, ಕಾಫಿ ಕುಡಿದು ಹೋಗ್ತಾನೆ" ಎಂದರು. ಚಳಿಗಾಲಕ್ಕೆ ಒಂದು ಜೊತೆ ಟೈರು, ಬೇಸಿಗೆಗೆ ಇನ್ನೊಂದು. ಉಪಯೋಗಿಸದ ಟೈರುಗಳನ್ನು ಇಡುವುದಕ್ಕೆ ಇಲ್ಲಿ ಟೈರ್ ಹೋಟೆಲ್ ಇದೆಯಂತೆ! ಟೈರಿಗೂ ರೂಮು ಕೊಡುವ ದೇಶ. ನನಗೆ ನಗು ಬಂತು. ಟೈರು ಬದಲಾಯಿಸುವ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚೂ ಬಂತು, ಸುಳ್ಳು ಯಾಕೆ ಹೇಳಲಿ.

"ಹಾಡ್ತಿದೀರಾ?" ಎಂದು ಕೇಳಿದೆ.

"ವೃದ್ಧಾಶ್ರಮದಲ್ಲಿ ಒಬ್ಬರು ಅಜ್ಜಿ ಇದಾರೆ, ಅವರ ಮುಂದೆ ಹಾಡ್ತೀನಿ. ಅವರಿಗೆ ಕಿವಿ ಕೇಳಲ್ಲ. ಅದಕ್ಕೇ ನನ್ನ ಮುಖಾನೇ ನೋಡ್ತಾ ಕೂತಿರ್ತಾರೆ."

ಪುಣ್ಯವಂತೆ ಅಜ್ಜಿ ಎಂದುಕೊಂಡೆ.

ನನ್ನ ಮೊದಲ ಮಾತನ್ನು ಕಾರಿನಲ್ಲೇ ಹೇಳಿದೆ. ವಾಪಸ್ ಬನ್ನಿ, ಆರ್ಕೆಸ್ಟ್ರಾ ಚೆನ್ನಾಗಿ ನಡೆಯುತ್ತಿದೆ, ಮೈಕು ನಿಮ್ಮದು.

"ಶನಿವಾರ ಕಳೀಲಿ ಮಾಸ್ಟ್ರೇ, ಆಮೇಲೆ ಹೇಳ್ತೀನಿ. ನಾನೊಂದು ಕ್ಲಬ್ ನೋಡ್ಕೋತಿದೀನಿ. ಶನಿವಾರ ಅದು ನಡೆದ್ರೆ ನಡೀತು, ಇಲ್ಲಾಂದ್ರೆ ಮುಚ್ಚಿತು."

"ಏನ್ ಕ್ಲಬ್ಬು?"

"ಬಟ್ಟೆ ಬಿಚ್ಚಿ ಕುಣಿಯೋ ಕ್ಲಬ್ಬು. ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ."

ಹೆಸರು ಹೇಳದ ಊರು

ಕ್ಲಬ್ಬು ಇದ್ದದ್ದು ಸ್ಯಾಂಡ್‌ವಿಕೆನ್‌ನಿಂದ ಸ್ವಲ್ಪ ದೂರದ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬೆಂಗ್ಟ್‌ಗೆ ಮುಜುಗರ. ಬೆಂಗ್ಟ್ ಕ್ಲಬ್ಬಿನ ಮಾಲೀಕ. ಜೀವಮಾನವಿಡೀ ಲೇತ್ ಯಂತ್ರದ ಮೇಲೆ ಉಕ್ಕು ಕಡೆದು ನಿವೃತ್ತನಾದ ಎತ್ತರದ ಮುದುಕ. ನನ್ನನ್ನು ನೋಡಿದ ಕೂಡಲೇ ಕೈಕುಲುಕಿ ನೇರ ಸ್ಟೇಜಿಗೆ ಕರೆದುಕೊಂಡು ಹೋಗಿ, ನಡುವೆ ನಿಲ್ಲಿಸಿದ್ದ ಉಕ್ಕಿನ ಕಂಬ ತೋರಿಸಿದ. ತಾನೇ ಕಡೆದದ್ದು. "ಮುಟ್ಟಿ ನೋಡಿ, ಒಂದು ಗೀರೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಮುಟ್ಟಿ ನೋಡಿದೆ. ಇರಲಿಲ್ಲ. ಆ ಕಂಬದ ಬಗ್ಗೆ ಮಾತಾಡುವಾಗ ಅವನ ದನಿಯಲ್ಲಿ ಕುಣಿಯುವವರ ಯೋಚನೆಯೇ ಇರಲಿಲ್ಲ, ಮಗಳ ಮದುವೆಗೆ ಮಂಟಪ ಕಟ್ಟಿದವನ ಹಾಗೆ ಮಾತಾಡಿದ. ಹಾಲಿನ ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಬೂಟು ಬಿಚ್ಚಿಟ್ಟಿದ್ದೆ. ಕಾಲುಚೀಲದಲ್ಲಿ ನಿಂತ ನನ್ನನ್ನು ನೋಡಿ "ಈ ಕ್ಲಬ್ಬಿನಲ್ಲಿ ಇವತ್ತಿನವರೆಗೆ ಏನಾದರೂ ಬಿಚ್ಚಿದವರು ನೀವೊಬ್ಬರೇ" ಎಂದ.

ನಗುವಿಗೆ ಹೇಳಿದ ಮಾತಲ್ಲ, ನಿಜ. ಕ್ಲಬ್ಬು ತೆರೆದು ಎರಡು ತಿಂಗಳಾಗಿತ್ತು. ಕುಣಿಯುವವರೂ ಇಲ್ಲ, ನೋಡುವವರೂ ಇಲ್ಲ.

ವಸಂತಾ ನನಗೆ ಬಿಡಿಸಿ ಹೇಳಿದರು. ಕುಣಿಯುವ ಹುಡುಗಿಯರು ಸ್ಟಾಕ್‌ಹೋಮಿನಲ್ಲಿದ್ದಾರೆ. ಅವರಿಗೆ ಸಂಬಳವಿಲ್ಲ, ಗಿರಾಕಿ ಕೊಟ್ಟದ್ದೇ ಸಂಪಾದನೆ. ಹಾಗಾಗಿ ಫೋನ್ ಮಾಡಿದರೆ ಮೊದಲ ಪ್ರಶ್ನೆ, ಜನ ಎಷ್ಟು ಬರುತ್ತಾರೆ? ಊರಿನ ಗಂಡಸರನ್ನು ಕೇಳಿದರೆ ಅವರ ಮೊದಲ ಪ್ರಶ್ನೆ, ಹುಡುಗಿಯರು ಎಷ್ಟು ಜನ ಇದ್ದಾರೆ? ಇಬ್ಬರೂ ಇನ್ನೊಬ್ಬರು ಮೊದಲು ಬರಲಿ ಎಂದು ಮನೆಯಲ್ಲಿ ಕೂತಿದ್ದಾರೆ. ಈ ಊರಿನ ಹುಡುಗಿ ಕುಣಿಯಲಾರಳು, ಮುಂದಿನ ಸಾಲಿನಲ್ಲಿ ಅವಳ ಗಣಿತದ ಮೇಷ್ಟ್ರು ಕೂತಿರಬಹುದು. ಮೇಷ್ಟ್ರೂ ಬರಲಾರರು, ಹೊರಗೆ ನಿಲ್ಲಿಸಿದ ಕಾರು ಯಾರದೆಂದು ಊರಿಗೆಲ್ಲ ಗೊತ್ತು. ಬಟ್ಟೆ ಬಿಚ್ಚುವ ಜಾಗದಲ್ಲಿ ಬಿಯರ್ ಮಾರಲು ಕಮ್ಯೂನ್, ಅಂದರೆ ಇಲ್ಲಿಯ ನಗರಸಭೆ, ಒಪ್ಪಿಗೆ ಕೊಡಲಿಲ್ಲ. ಕುಡಿಯದ ಸ್ವೀಡಿಷ್ ಗಂಡಸು ಕಟ್ಟಿಕೊಂಡ ಹೆಂಡತಿಯ ಮುಖವನ್ನೂ ನೇರ ನೋಡುವುದಿಲ್ಲ ಎಂದು ಬೆಂಗ್ಟ್ ತಲೆ ಅಲ್ಲಾಡಿಸಿದ. ಅದೂ ಅಲ್ಲದೆ ಈಗ ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಬಂದು ಕೂತಿದೆ. ಪರದೆ ಎಳೆದುಕೊಂಡು ಬೇಕಾದ್ದು ನೋಡಬಹುದು. ಎರಡು ತಿಂಗಳಲ್ಲಿ ಕ್ಲಬ್ಬಿಗೆ ತಪ್ಪದೆ ಬಂದವರೆಂದರೆ ವಿರೋಧಿಸಲು ಬಂದ ಹೆಂಗಸರು. ಪ್ರತಿ ಶನಿವಾರ ಬೋರ್ಡು ಹಿಡಿದು ಹೊರಗೆ ನಿಲ್ಲುತ್ತಿದ್ದರಂತೆ. ಚಳಿ ಹೆಚ್ಚಾದಾಗ ವಸಂತಾ ಅವರಿಗೆ ಒಳಗಿನಿಂದ ಕುರ್ಚಿ ಕೊಟ್ಟರು.

"ನಿಮಗೆ ಇದೆಲ್ಲ ಯಾಕೆ ಬೇಕಿತ್ತು?" ನನಗೆ ತಡೆಯಲಾಗಲಿಲ್ಲ. ದನಿ ಸ್ವಲ್ಪ ಜೋರಾಯಿತು.

ಅವರು ನನ್ನನ್ನು ಸ್ಟೇಜಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಚಿಕ್ಕ ಕೋಣೆ, ಕನ್ನಡಿ, ಸೋಫಾ, ಬಿಸಿನೀರಿನ ಕೆಟಲ್. ಬಾಗಿಲಿಗೆ ಒಳಗಿನಿಂದ ಬೀಗ.

"ನಮ್ಮ ಹಾಲಲ್ಲಿ ಗ್ರೀನ್ ರೂಮಿಗೆ ಏನಿತ್ತು ಮಾಸ್ಟ್ರೇ? ಪರದೆ. ಅದೂ ಹರಿದಿತ್ತು. ಹಾಡೋವಾಗ್ಲೂ ಅರ್ಧ ಜೀವ ಅಲ್ಲೇ ಇರೋದು, ಯಾರು ಬಂದ್ರು, ಯಾರು ಹೋದ್ರು, ಪೊಲೀಸಾ, ಕುಡುಕನಾ ಅಂತ. ಈ ಬೆಂಗ್ಟ್ ಕ್ಲಬ್ ಮಾಡ್ತೀನಿ ಅಂದಾಗ ನಾನೇ ಹೇಳ್ದೆ, ಹುಡುಗೀರನ್ನ ನಾನ್ ನೋಡ್ಕೋತೀನಿ, ಆದ್ರೆ ಬೀಗ ಮೊದ್ಲು, ಕಂಬ ಆಮೇಲೆ ಅಂತ. ಬಂದೋಳು ಬಂದ ಹಾಗೇ ಮನೆಗೆ ಹೋಗ್ಬೇಕು. ಅಂಥ ಒಂದು ಸ್ಟೇಜ್ ಎಲ್ಲಾದ್ರೂ ಒಂದ್ಕಡೆ ಇರ್ಲಿ ಅಂತ ಆಸೆ, ಅಷ್ಟೇ."

ಬೀಗ ಹೊಸದಾಗಿತ್ತು. ಅದನ್ನು ಯಾರೂ ಇನ್ನೂ ಉಪಯೋಗಿಸಿರಲಿಲ್ಲ. ಅಷ್ಟು ವರ್ಷ ಅವರ ಹಿಂದೆಯೇ ಕೂತಿದ್ದವನಿಗೆ ಆ ಹರಿದ ಪರದೆಯ ಯೋಚನೆ ಅವರಿಗೆ ಅಷ್ಟು ಇತ್ತು ಎಂದು ಗೊತ್ತೇ ಇರಲಿಲ್ಲ.

ಶನಿವಾರ ಸ್ಟಾಕ್‌ಹೋಮಿನಿಂದ ಕರೀನ್ ಎಂಬ ಹುಡುಗಿ ಬರಲು ಒಪ್ಪಿದ್ದಳು. ನೋಡುತ್ತೇನೆ, ಹಾಲು ತುಂಬಿದ್ದರೆ ಕುಣಿಯುತ್ತೇನೆ, ಗೆಳತಿಯರಿಗೂ ಹೇಳುತ್ತೇನೆ ಎಂದಿದ್ದಳು. ತುಂಬದಿದ್ದರೆ ಕಟ್ಟಡದ ಯಜಮಾನ ಸೋಮವಾರವೇ ಹಾಲನ್ನು ಟೈರ್ ಹೋಟೆಲಿನವನಿಗೆ ಕೊಡುತ್ತಾನೆ.

ನನ್ನ ಪರಿಸ್ಥಿತಿ ನೋಡಿ. ಹಾಲು ಖಾಲಿ ಉಳಿದರೆ ವಸಂತಾ ಬೆಂಗಳೂರಿಗೆ ಬರಬಹುದು. ತುಂಬಿದರೆ ಇಲ್ಲೇ ಉಳಿಯುತ್ತಾರೆ. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಸಾಕಿತ್ತು. ಆದರೆ ಬ್ಯಾಂಡಿನ ಮನುಷ್ಯನಿಗೆ ಖಾಲಿ ಕುರ್ಚಿಗಳನ್ನು ನೋಡಲು ಆಗುವುದಿಲ್ಲ, ಅದು ರಕ್ತದಲ್ಲಿ ಬಂದ ರೋಗ. ಹೊಸ ಹಾಲು ತೆರೆದಾಗ ನಮ್ಮಲ್ಲಿ ಮಾಡುವುದೇನು? ಮುಂದಿನ ಸಾಲುಗಳಲ್ಲಿ ನಮ್ಮವರನ್ನೇ ತಂದು ಕೂರಿಸುತ್ತೇವೆ. ತುಂಬಿದ ಹಾಗೆ ಕಂಡರೆ ಉಳಿದವರು ತಾವಾಗಿ ಬರುತ್ತಾರೆ. ಒಬ್ಬರ ಪಕ್ಕ ಒಬ್ಬರು ಮೊದಲು ಕೂರಲು ಹೆದರುವ ಈ ಊರಿಗೆ ಬೇಕಾದದ್ದು ಅದೇ ಎಂದು ನನಗೆ ಖಾತ್ರಿಯಾಯಿತು. ಯಾರಿಗೂ ಹೇಳದೆ ಪ್ರಶಾಂತನಿಗೆ ಫೋನ್ ಮಾಡಿದೆ.

"ಶನಿವಾರ ಸಂಜೆ ಒಂದು ಕಾರ್ಯಕ್ರಮ ಇದೆ. ನಮ್ಮ ಕನ್ನಡದವರೇ ನಡೆಸೋದು. ನಿಮ್ಮ ಹುಡುಗರನ್ನೆಲ್ಲ ಕರ್ಕೊಂಡು ಬಾ."

"ಏನ್ ಪ್ರೋಗ್ರಾಂ ಸರ್?"

"ಡ್ಯಾನ್ಸು" ಎಂದೆ. ಅದಕ್ಕಿಂತ ಹೆಚ್ಚು ಫೋನಿನಲ್ಲಿ ಹೇಗೆ ಹೇಳಲಿ? ಹುಡುಗರು, ಬಂದ ಮೇಲೆ ತಿಳಿದುಕೊಳ್ಳುತ್ತಾರೆ ಎಂದುಕೊಂಡೆ.

ಶನಿವಾರ

ಮೂರೂವರೆಗೆಲ್ಲ ಕತ್ತಲಾಯಿತು. ಕರೀನ್ ಬಂದಳು. ಉದ್ದ ಕೋಟು, ಹೆಗಲಿಗೆ ಚೀಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳ ಹಾಗೆ ಕಾಣುತ್ತಿದ್ದಳು. ಕೋಣೆಯ ಬೀಗ ತಿರುಗಿಸಿ ನೋಡಿ ತಲೆದೂಗಿದಳು. ಆಮೇಲೆ ಪರದೆ ಸರಿಸಿ ಹಾಲು ನೋಡಿದಳು. ಬೆಂಗ್ಟ್ ಒಬ್ಬನೇ ಒಂದು ಬಟ್ಟೆ ಹಿಡಿದು ಕಂಬ ಒರೆಸುತ್ತಿದ್ದ. ಅವಳು ಏನೋ ಹೇಳಿದಳು, ವಸಂತಾ ನನಗೆ ತಿಳಿಸಿದರು. "ಗಂಡಸರ ಭಯ ಇಲ್ಲ, ಖಾಲಿ ಕುರ್ಚಿ ನೋಡಿದ್ರೆ ಕಾಲೇ ಏಳಲ್ಲ ಅಂತಾಳೆ." ಒಂದು ಗಂಟೆ ಕಾಯುತ್ತೇನೆ ಎಂದು ಕೋಟು ಬಿಚ್ಚದೆ ಕೂತಳು.

ಹೊರಗೆ ನಾಲ್ವರು ಹೆಂಗಸರು ಬೋರ್ಡು, ಫ್ಲಾಸ್ಕು ಸಮೇತ ಬಂದು ತಮ್ಮ ಕುರ್ಚಿಗಳಲ್ಲಿ ಕೂತರು. ರಸ್ತೆಯ ಆಚೆ ಮೂರು ನಾಲ್ಕು ಜನ ಗಂಡಸರು ನಿಂತಿದ್ದರು. ಬಸ್ಸಿಗೆ ಕಾಯುವವರ ಹಾಗೆ ದೂರ ದೂರ ನಿಂತಿದ್ದರು, ಆದರೆ ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಇವರಲ್ಲಿ ಒಬ್ಬ ರಸ್ತೆ ದಾಟಿದರೆ ಉಳಿದವರೂ ದಾಟುತ್ತಾರೆ, ನನ್ನ ಜನ ಬರಲಿ ಎಂದು ನಾನು ಬಾಗಿಲಲ್ಲಿ ಕಾಯುತ್ತಿದ್ದೆ.

ನನ್ನ ಜನ ಬಂದರು. ಎರಡು ವ್ಯಾನು.

ಮೊದಲು ಇಳಿದದ್ದು ಸುಮಾ, ಕೈಯಲ್ಲಿ ಚಿತ್ರಾನ್ನದ ದೊಡ್ಡ ಪಾತ್ರೆ. ಅವಳ ಹಿಂದೆ ಮಗಳು. ಆಮೇಲೆ ರೇಷ್ಮೆ ಸೀರೆಗಳು, ಕೈಗೂಸುಗಳು, ಮಂಕಿ ಟೋಪಿಯ ಇಬ್ಬರು ತಾತಂದಿರು, ಮೈಸೂರಿನಿಂದ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬರು ಹಿರಿಯ ಹೆಂಗಸು. ಪ್ರಶಾಂತ ನಗುತ್ತಾ ಬಂದು "ಎಲ್ಲಾರ್ಗೂ ಹೇಳ್ದೆ ಸರ್, ಕನ್ನಡದವರ ಡ್ಯಾನ್ಸ್ ಪ್ರೋಗ್ರಾಂ ಅಂದ್ರೆ ಬಿಡ್ತಾರಾ?" ಎಂದ. ನಾನು ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಒಳಗಿದ್ದರು. ಬಾಗಿಲಲ್ಲಿ ಬೂಟುಗಳ ರಾಶಿ ಬಿತ್ತು.

ಎರಡು ತಿಂಗಳಲ್ಲಿ ಮೊದಲ ಬಾರಿ ಹಾಲು ತುಂಬಿತು. ಮಕ್ಕಳು ನೇರ ಸ್ಟೇಜಿಗೆ ನುಗ್ಗಿ ಕಂಬಕ್ಕೆ ಜೋತುಬಿದ್ದರು. ಬೆಂಗ್ಟ್ ಗಾಬರಿಯಾಗಿ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ಕಂಬದ ಸುತ್ತ ಸುತ್ತಿದ. ಮೈಸೂರಿನ ಹೆಂಗಸು ಮುಂದಿನ ಸಾಲಿನಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡು "ಓಹೋ, ಮಲ್ಲಕಂಬಾನಾ! ನಮ್ಮೆಜಮಾನ್ರಿಗೆ ತುಂಬ ಇಷ್ಟ ಇತ್ತು" ಎಂದರು. ಯಾರೂ ತಿದ್ದಲಿಲ್ಲ. ಪ್ರಶಾಂತ ಮಾತ್ರ ಗೋಡೆಯ ಮೇಲಿನ ಕೆಂಪು ದೀಪ ನೋಡಿದ, ಕಂಬ ನೋಡಿದ, ನನ್ನ ಮುಖ ನೋಡಿದ. ಅವನ ಮುಖ ಆ ದೀಪದ ಬಣ್ಣಕ್ಕೆ ಬಂತು.

"ಸರ್..." ಎಂದ.

"ಹೌದಪ್ಪ" ಎಂದೆ.

ರಸ್ತೆಯ ಆಚೆಯ ಗಂಡಸರು ಈ ಸಂಸಾರಗಳನ್ನು ನೋಡಿ ತಲೆ ತಗ್ಗಿಸಿ ಕತ್ತಲೆಯಲ್ಲಿ ಕರಗಿಹೋದರು. ಬೋರ್ಡು ಹಿಡಿದ ಹೆಂಗಸರು, ಒಳಗೆ ಹೋಗುತ್ತಿದ್ದ ತೊಟ್ಟಿಲುಗಾಡಿಗಳನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬೋರ್ಡುಗಳನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚಿ ಅವರೂ ಒಳಗೆ ಬಂದರು.

ಪರದೆಯ ಹಿಂದೆ ನಿಂತಿದ್ದ ಕರೀನ್ ನಗಲು ಶುರುಮಾಡಿದವಳು ಗೋಡೆಗೆ ಆತುಕೊಳ್ಳುವವರೆಗೆ ನಕ್ಕಳು. ಈಗ ಬಂದೇ ಬರುತ್ತದೆ ಎಂದು ನಾನು ವಸಂತಾ ಅವರ ಬೈಗುಳಕ್ಕೆ ಕಾಯುತ್ತಿದ್ದೆ. ಬಂತು.

"ಮಾಸ್ಟ್ರೇ, ನಿಮಗೆ ಬುದ್ಧಿ ಇದೆಯಾ? ಡ್ಯಾನ್ಸ್ ಅಂದ್ರೆ ನಮ್ಮೋರು ಮಕ್ಕಳನ್ನ ಕರ್ಕೊಂಡು ಬರ್ತಾರೆ ಅಂತ ಗೊತ್ತಾಗಲ್ವಾ?"

"ತಪ್ಪಾಯ್ತು."

"ತಪ್ಪಾಯ್ತಂತೆ!" ಅವರು ಹಾಲು ನೋಡಿದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಸಿಟ್ಟು ಅವರ ಹಣೆಯಿಂದ ಮೆಲ್ಲಗೆ ಇಳಿಯಿತು. "ಕೀಬೋರ್ಡ್ ತನ್ನಿ. ಬಂದೋರನ್ನ ಸುಮ್ನೆ ಕಳ್ಸೋಕಾಗುತ್ತಾ?"

ಅವರು ಮೈಕು ಹಿಡಿದು ನಿಂತರು, ನಾನು ಎಡಮೂಲೆಯಲ್ಲಿ ಕೂತೆ. ನಮ್ಮ ಲೈವ್ ಬ್ಯಾಂಡಿನಲ್ಲಿ ದಿನದ ಕೊನೆಗೆ ಹಾಡುತ್ತಿದ್ದ ಹಾಡನ್ನೇ ಅವರು ಮೊದಲು ಎತ್ತಿಕೊಂಡರು. ಶ್ರುತಿ ಕೇಳಲಿಲ್ಲ, ಹಿಂದೆ ತಿರುಗಲೂ ಇಲ್ಲ. ನನ್ನ ಬೆರಳು ತಾವಾಗಿ ಜಾಗಕ್ಕೆ ಹೋದವು. ಕತ್ತರಿಸಿದ ಕೂದಲು, ಸ್ವೆಟರಿನ ಬೆನ್ನು, ಏಳುತ್ತಾ ಬೀಳುತ್ತಾ ಇರುವ ಎಡ ಹಿಮ್ಮಡಿ. ನನಗೆ ಅಳು ಬಂತು. ಯಾರಿಗೂ ಕಾಣಲಿಲ್ಲ, ಮೂಲೆಯಲ್ಲಿ ಕೂರುವುದರಿಂದ ಅದೊಂದು ಲಾಭವಿದೆ.

ಜನ ಬಿಡಲಿಲ್ಲ, ಒಂದಾದ ಮೇಲೊಂದು ಕೇಳಿದರು. ಕರೀನ್ ಕೋಟಿನಲ್ಲೇ ಕೂತು ಚಿತ್ರಾನ್ನ ತಿಂದಳು. ಕಡಲೆಬೀಜವನ್ನು ಪಕ್ಕಕ್ಕಿಟ್ಟು ಕೊನೆಗೆ ಒಟ್ಟಿಗೆ ತಿಂದಳು. ಹೊರಡುವಾಗ ವಸಂತಾ ಅವರನ್ನು ಅಪ್ಪಿಕೊಂಡು, ಬೀಗ ಚೆನ್ನಾಗಿದೆ, ಆದರೆ ಇಲ್ಲಿ ನನಗೆ ಕೆಲಸವಿಲ್ಲ ಎಂದಳು. ಬೆಂಗ್ಟ್ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದ.

ವ್ಯಾನು ಹತ್ತುವಾಗ ಸುಮಾ ಹೇಳಿದಳು. "ಎಷ್ಟ್ ಚೆನ್ನಾಗಿ ಹಾಡ್ತಾರೆ ಸರ್! ಆದ್ರೆ ಒಂದ್ಸಲಾನೂ ನಮ್ಮನ್ನ ನೋಡ್ಲಿಲ್ಲ. ಬಾಗಿಲ ಕಡೆನೇ ನೋಡ್ತಿದ್ರು. ಯಾರನ್ನೋ ಕಾಯ್ತಿದ್ರಾ?"

ಮೂಲೆಯಲ್ಲಿ ಕೂತಿದ್ದ ನನಗೆ ಅದು ಕಂಡಿರಲಿಲ್ಲ.

ಸೋಮವಾರ

ನನ್ನ ರೈಲು ಮಧ್ಯಾಹ್ನ. ಬೆಳಿಗ್ಗೆ ಹಾಲು ಖಾಲಿ ಮಾಡಲು ಹೋದೆವು. ಬೆಂಗ್ಟ್ ಕಂಬವನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಕಾರಿನ ಮೇಲೆ ಕಟ್ಟುತ್ತಿದ್ದ. ಕುರ್ಚಿಗಳನ್ನು ಪೇರಿಸುತ್ತಾ ನಾನು ಕೇಳಿದೆ.

"ಶನಿವಾರ ಕಳೀತು. ಹೇಳ್ತೀನಿ ಅಂದಿದ್ರಿ."

ವಸಂತಾ ಪರದೆಯ ಬಟ್ಟೆ ಮಡಿಸುತ್ತಿದ್ದರು. "ಬರಲ್ಲ ಮಾಸ್ಟ್ರೇ. ರಿಸೆಪ್ಷನ್‌ನಲ್ಲಿ ಹಾಡೋರ ಕಡೆ ಯಾರ್ ನೋಡ್ತಾರೆ ಹೇಳಿ? ಎಲ್ಲಾ ಊಟದ ಕ್ಯೂನಲ್ಲಿರ್ತಾರೆ. ಇಲ್ಲಿ ನಂಗೆ ಅಜ್ಜಿ ಇದಾರೆ. ಬೆಂಗ್ಟ್ ಇನ್ನೊಂದು ಹಾಲ್ ನೋಡ್ತೀನಿ ಅಂತಿದಾನೆ, ಅದೂ ನಡೆಯಲ್ಲ, ನಂಗೊತ್ತು. ಆದ್ರೂ ಬೀಗ ನನ್ ಹತ್ರಾನೇ ಇರುತ್ತೆ." ಬಿಚ್ಚಿದ ಬೀಗವನ್ನು ಸ್ವೆಟರಿನ ಜೇಬಿನಿಂದ ತೆಗೆದು ತೋರಿಸಿ ಮತ್ತೆ ಜೇಬಿಗಿಟ್ಟರು.

ಇನ್ನೊಂದು ಮಾತು ನನ್ನ ಬಾಯಲ್ಲೇ ಇತ್ತು. ಅದರ ಬದಲು ಬೇರೆ ಬಂತು. "ಒಂದು ಹಾಡು ಹಾಡ್ತೀರಾ? ನಾನು ನುಡಿಸಲ್ಲ. ಎದುರಿಗೆ ಕೂತು ಕೇಳ್ತೀನಿ."

ಅವರಿಗೆ ನಗು ಬಂತು. "ಇದೇನ್ ಹೊಸ ಆಸೆ?"

"ಹಳೇದು" ಎಂದೆ.

ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಕಂಬವಿಲ್ಲದ ಸ್ಟೇಜು ಹತ್ತಿ, ಮೈಕಿಲ್ಲದೆ, ಆ ಕೊನೆಯ ಹಾಡನ್ನೇ ಶುರುಮಾಡಿದರು. ನಾನು ಹಾಲಿನ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತೆ. ಮುಖ ಕಂಡಿತು. ಹುಬ್ಬು ಸ್ವಲ್ಪ ಮೇಲೇಳುತ್ತದೆ, ಮೇಲಿನ ಸ್ವರಕ್ಕೆ ಹೋಗುವಾಗ ಗಲ್ಲ ಎಡಕ್ಕೆ ವಾಲುತ್ತದೆ. ಇದನ್ನೆಲ್ಲ ಮೆಜೆಸ್ಟಿಕ್ಕಿನ ಕುಡುಕರು ದಿನಾ ನೋಡಿದ್ದರು. ಆದರೆ ಸುಮಾ ಹೇಳಿದ್ದು ನಿಜ. ಕಣ್ಣು ನನ್ನ ಮೇಲಿರಲಿಲ್ಲ, ನನ್ನ ತಲೆಯ ಮೇಲಿಂದ ಹಾದು ಬಾಗಿಲಿಗೆ ಹೋಗಿತ್ತು. ಯಾರು ಬಂದರು, ಯಾರು ಹೋದರು. ಅಷ್ಟು ವರ್ಷದ ಅಭ್ಯಾಸ, ಜೇಬಿನಲ್ಲಿ ಬೀಗವಿದ್ದರೂ ಬಿಟ್ಟಿರಲಿಲ್ಲ.

ನಾನು ಎದ್ದೆ. ಸದ್ದಾಗದ ಹಾಗೆ ಕುರ್ಚಿ ಎತ್ತಿಕೊಂಡು ಹೋಗಿ ಬಾಗಿಲಿಗೆ ಅಡ್ಡಲಾಗಿ ಹಾಕಿ ಕೂತೆ.

ವಸಂತಾ ನನ್ನನ್ನು ನೋಡಿದರು. ಹಾಡಿನ ನಡುವೆ ಒಂದು ಪದ ಬಿಟ್ಟುಹೋಯಿತು. ಅವರು ಪದ ಬಿಟ್ಟದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಲ್ಲಿಂದ ಕೊನೆಯ ಸಾಲಿನವರೆಗೆ ಅವರು ಕಣ್ಣು ತೆಗೆಯಲಿಲ್ಲ, ಹಾಡು ನಿಧಾನವಾಯಿತು, ನಾನು ನುಡಿಸುತ್ತಿದ್ದರೆ ಅಷ್ಟು ನಿಧಾನವಾಗಲು ಬಿಡುತ್ತಲೇ ಇರಲಿಲ್ಲ. ಹೇಳಬೇಕೆಂದಿದ್ದ ಆ ಮಾತು ಅವರಿಗೆ ಆಗ ತಿಳಿಯಿತು. ತಿಳಿಯಿತು ಎಂಬುದು ಅವರ ಮುಖದಲ್ಲಿ ಕಂಡಿತು. ಅದಕ್ಕೆ ಉತ್ತರವೂ ಅಲ್ಲೇ ಇತ್ತು, ಬಹಳ ಪ್ರೀತಿಯಿಂದ ಹೇಳಿದ "ಇಲ್ಲ".

ಹಾಡು ಮುಗಿಯುವ ಹೊತ್ತಿಗೆ ನನ್ನ ಬೆನ್ನ ಹಿಂದೆ ಲಾರಿಯ ಹಾರ್ನು ಕೇಳಿಸಿತು.

"ಏಳಿ ಮಾಸ್ಟ್ರೇ" ಎಂದರು, ಕಣ್ಣೊರೆಸಿಕೊಳ್ಳುತ್ತಾ. "ಬಾಗಿಲು ಬಿಡಿ. ಟೈರ್ ಒಳಗೆ ಬರ್ಬೇಕು."

ಬೆಂಗಳೂರು

ಬಂದ ವಾರವೇ ಒಂದು ಆರತಕ್ಷತೆ ಇತ್ತು. ಹೊಸ ಗಾಯಕಿ, ಚೆನ್ನಾಗಿ ಹಾಡುತ್ತಾಳೆ. ಜನ ಊಟದ ಸಾಲಿನಲ್ಲಿದ್ದರು. ನಾನು ಈಗ ಕೀಬೋರ್ಡನ್ನು ಎಡಮೂಲೆಯಿಂದ ಸ್ವಲ್ಪ ಮುಂದಕ್ಕೆ ಹಾಕಿಸುತ್ತೇನೆ. ಗ್ರೀನ್ ರೂಮಿಗೆ ಬೀಗ ಇದೆಯೇ ಎಂದು ಮೊದಲೇ ನೋಡಿಬರುತ್ತೇನೆ, ಇಲ್ಲದಿದ್ದರೆ ಕಲ್ಯಾಣಮಂಟಪದವರ ಹತ್ತಿರ ಜಗಳಕ್ಕೆ ನಿಲ್ಲುತ್ತೇನೆ. ಮಾಸ್ಟ್ರಿಗೆ ವಯಸ್ಸಾಯಿತು ಎಂದು ಹುಡುಗರು ಆಡಿಕೊಳ್ಳುತ್ತಾರೆ.

ಆಡಿಕೊಳ್ಳಲಿ. ಹಾಡು ಶುರುವಾದ ಮೇಲೆ ನನ್ನ ಬೆರಳು ತಮ್ಮ ಪಾಡಿಗೆ ನುಡಿಸುತ್ತವೆ. ನಾನು ಗಾಯಕಿಯ ಬೆನ್ನು ದಾಟಿ ಬಾಗಿಲ ಕಡೆ ನೋಡುತ್ತಿರುತ್ತೇನೆ.